ಗಬ್ಬಾಯ್ ಮೇಡಂಗೆ, ಮತ್ತು ಉಳಿದ ಎಲ್ಲರಿಗೂ

ಯೆಹೂದ್ಯರ ಶಾವುವೋತ್ ಹಬ್ಬದ ಬೆಳಗ್ಗೆ ನಮ್ಮ ಸಿನಗಾಗಿನ (ಯೆಹೂದ್ಯರ ಪ್ರಾರ್ಥನಾ ಮಂದಿರದ) ವಯಸ್ಕರ ತರಗತಿಯ ಎಂಟೂ ಮಂದಿ ಸಭೆಯ ಮುಂದೆ ನಿಂತು ಓದಿದರು. ಅಲ್ಲಿಗೆ ಎರಡು ವರ್ಷದ ಪಾಠ ಮುಗಿಯಿತು. ಸಭೆಯ ಪತ್ರಿಕೆಗೆ ಇಂಗ್ಲಿಷಿನಲ್ಲಿ ವಂದನೆ ಬರೆದು ಕೊಟ್ಟಿದ್ದೇವೆ. ಇದು ನ್ಯೂಜೆರ್ಸಿಯ ನಮ್ಮ ಕನ್ನಡದ ಗೆಳೆಯರಿಗೆ: ಅಡುಗೆಮನೆಯಲ್ಲಿ ನಿಂತವರಿಗೆ, ಕೀರ್ತನೆಯ ಸಂಜೆಗೆ ಹಾರ್ಮೋನಿಯಂ ಹೊತ್ತು ತಂದವರಿಗೆ, ಯುಗಾದಿ ಊಟದ ಸಾಲಿನಲ್ಲಿ ನಿಂತು "ಅಲ್ಲಿ ಏನು ಕಲಿಸ್ತೀರಿ, ಅದೂ ಎಪ್ಪತ್ತು ದಾಟಿದವರಿಗೆ?" ಎಂದು ಕೇಳಿದವರಿಗೆ.

ಕೇಳಿದ್ದಕ್ಕೆ ಉತ್ತರ ಮೊದಲು. ಹದಿಮೂರು ತುಂಬಿದ ಹುಡುಗ ಸುರುಳಿಯಲ್ಲಿ ಬರೆದ ತೋರಾ ಎಂಬ ಧರ್ಮಗ್ರಂಥವನ್ನು ಸಭೆಯಲ್ಲಿ ಓದುವುದು ಹಳೆಯ ಪದ್ಧತಿ. ಹುಡುಗಿಯರಿಗೆ ಆ ಬಾಗಿಲು ತೆರೆದದ್ದು ತಡವಾಗಿ. 1922ರ ಮಾರ್ಚ್ 18ರಂದು ನ್ಯೂಯಾರ್ಕಿನಲ್ಲಿ ರಬ್ಬಿ (ಯೆಹೂದ್ಯ ಧರ್ಮಗುರು) ಮೊರ್ದೆಕಾಯ್ ಕಪ್ಲಾನರ ಮಗಳು ಜೂಡಿತ್ ಸಭೆಯ ಮುಂದೆ ಓದಿದಳು, ಅದೂ ಸುರುಳಿಯಿಂದಲ್ಲ, ಅಚ್ಚಾದ ಪುಸ್ತಕದಿಂದ. ಅದು ಊರೂರಿಗೆ ರೂಢಿಯಾಗಲು ಮತ್ತೆ ಹಲವು ದಶಕ ಹಿಡಿಯಿತು. ಹಾಗಾಗಿ ಇವತ್ತಿನ ಅಜ್ಜಿಯರಲ್ಲಿ ಅನೇಕರಿಗೆ ಆ ಸರದಿ ಬರಲೇ ಇಲ್ಲ. ಸೋವಿಯತ್ ಒಕ್ಕೂಟದಲ್ಲಿ ಬೆಳೆದವರಿಗೆ ಹೀಬ್ರೂ ಅಕ್ಷರವೇ ಸಿಗಲಿಲ್ಲ. ಅಲ್ಲಿ ಹೀಬ್ರೂ ಕಲಿಸಿದವರು ಜೈಲು ಕಂಡಿದ್ದಾರೆ. ಮತಾಂತರವಾಗಿ ಬಂದವರಂತೂ ಎಲ್ಲವನ್ನೂ ಅ ಆ ಇ ಈಯಿಂದ ಶುರುಮಾಡಬೇಕು. ತರಗತಿ ಇರುವುದು ಇವರಿಗಾಗಿ.

ಪ್ರಾರ್ಥನೆಯನ್ನು ಹಾಡಿ ನಡೆಸುತ್ತಿದ್ದ, ಈ ತರಗತಿಗೂ ಕಲಿಸುತ್ತಿದ್ದ ನಮ್ಮ ಹಜ್ಜಾನರು ಅಗಲಿದ ವಿಷಯ ನಿಮಗೆಲ್ಲ ಗೊತ್ತಿದೆ. ಪೂರಿಮ್ ಹಬ್ಬ ಕಳೆದ ಮೇಲೆ ಏನಾಯಿತು ಎಂಬುದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಪಾಠ ಅರ್ಧಕ್ಕೆ ನಿಂತಾಗ ಅದನ್ನು ಎತ್ತಿಕೊಂಡವರು ನಮ್ಮ ಗಬ್ಬಾಯ್, ನಿವೃತ್ತ ಗಣಿತದ ಮೇಡಂ. ಈ ಬರಹದ ಬಹುಪಾಲು ಅವರದೇ. ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಗಬ್ಬಾಯ್ ಅಂದರೆ ಓದುವವರ ಪಕ್ಕದಲ್ಲಿ ಅಚ್ಚಾದ ಪ್ರತಿ ಹಿಡಿದು ನಿಂತು ತಪ್ಪು ಹಿಡಿಯುವವರು. ತೋರಾ ಸುರುಳಿಯಲ್ಲಿ 3,04,805 ಅಕ್ಷರಗಳಿವೆ. ಸ್ವರಚಿಹ್ನೆ ಒಂದೂ ಇಲ್ಲ, ರಾಗದ ಗುರುತಿಲ್ಲ, ವಾಕ್ಯ ಎಲ್ಲಿ ಮುಗಿಯಿತು ಎಂಬುದಕ್ಕೂ ಚಿಹ್ನೆಯಿಲ್ಲ. ಎಲ್ಲವೂ ಓದುವವರ ತಲೆಯಲ್ಲಿರಬೇಕು. ಅಭ್ಯಾಸಕ್ಕೆ ಬೇರೆ ಪುಸ್ತಕವಿದೆ: ಒಂದು ಕಾಲಂನಲ್ಲಿ ಚಿಹ್ನೆಗಳೆಲ್ಲ ಇರುತ್ತವೆ, ಪಕ್ಕದ ಕಾಲಂ ಸುರುಳಿಯಲ್ಲಿದ್ದಂತೆಯೇ ಬೋಳು. ಹೊಸಬರು ಎಡವುವುದು ಒಂದೇ ಮುಖದ ಅಕ್ಷರಗಳಲ್ಲಿ. ಬೇತ್ ಮತ್ತು ಕಾಫ್, ಹೇ ಮತ್ತು ಹೆತ್, ಎಲ್ಲಕ್ಕಿಂತ ಹೆಚ್ಚಾಗಿ ದಾಲೆತ್ ಮತ್ತು ರೇಶ್. ದಾಲೆತಿಗೆ ಬಲಮೂಲೆಯಲ್ಲಿ ಚೂಪು, ರೇಶಿಗೆ ಅಲ್ಲಿ ದುಂಡು, ಅಷ್ಟೇ ವ್ಯತ್ಯಾಸ. "ದೇವರು ಒಬ್ಬನೇ" ಎನ್ನುವ ಶೆಮಾ ಪ್ರಾರ್ಥನೆಯ ವಾಕ್ಯದ ಕೊನೆಯ ದಾಲೆತನ್ನು ರೇಶ್ ಎಂದು ಓದಿದರೆ "ಒಬ್ಬ" ಹೋಗಿ "ಬೇರೆಯವನು" ಆಗುತ್ತದೆ. ಸುರುಳಿಯಲ್ಲಿ ಆ ದಾಲೆತನ್ನು ದೊಡ್ಡದಾಗಿ ಬರೆಯುತ್ತಾರೆ.

ರಾಗ ಕಲಿಸುವಲ್ಲಿ ಮೇಡಂ ಬಲು ಬಿಗಿ. ಹಜ್ಜಾನರು ಪ್ರತಿಯೊಬ್ಬರ ಭಾಗವನ್ನೂ ಒಮ್ಮೆ ನಿಧಾನವಾಗಿ, ಒಮ್ಮೆ ಸಹಜ ವೇಗದಲ್ಲಿ ಹಾಡಿ ರೆಕಾರ್ಡ್ ಮಾಡಿಟ್ಟಿದ್ದರು. ಅವರು ಹೋದ ಮೇಲೆ ಕೆಲವರಿಗೆ ಅದನ್ನು ಕೇಳಲಾಗಲಿಲ್ಲ. ಕೆಲವರು ಅದನ್ನೇ ಕೇಳಿ ಕೇಳಿ ಗಿಳಿಪಾಠ ಮಾಡತೊಡಗಿದರು. ಮೇಡಂ ಎರಡನ್ನೂ ಒಪ್ಪಲಿಲ್ಲ. ಕಿವಿಯಲ್ಲಿ ಕಲಿತದ್ದು ನಡುವೆ ಎಲ್ಲಾದರೂ ತಪ್ಪಿದರೆ ಮತ್ತೆ ಮೊದಲಿಂದಲೇ ಹಿಡಿಯಬೇಕಾಗುತ್ತದೆ, ಚಿಹ್ನೆ ಓದಲು ಬಂದವರು ನಿಂತಲ್ಲಿಂದ ಮುಂದುವರಿಯುತ್ತಾರೆ ಎಂಬುದು ಅವರ ವಾದ. ನಮ್ಮ ಸಂಗೀತದ ಮೇಷ್ಟ್ರುಗಳು ಮೊದಲು ಸ್ವರ, ಆಮೇಲೆ ಸಾಹಿತ್ಯ ಎನ್ನುವಂತೆ ಇವರೂ ಮೊದಲು ಚಿಹ್ನೆಗಳ ಹೆಸರನ್ನೇ ಹಾಡಿಸುತ್ತಿದ್ದರು: ಮೇರ್ಖಾ, ತಿಪ್ಖಾ, ಮುನಾಖ್, ಎತ್ನಾಖ್ತಾ. ನಾಲ್ಕೂ ಒಂದೇ ಉಸಿರಿನಲ್ಲಿ. ಅದು ಕೂತ ಮೇಲೆ ಅದೇ ರಾಗಕ್ಕೆ ಮಾತು. ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ದಿನ ತಪ್ಪಬಾರದು. ಕಲಿಯುವುದು ಕೊನೆಯ ವಾಕ್ಯದಿಂದ ಹಿಂದಕ್ಕೆ. ಮೊದಲಿಂದ ಕಲಿತವರು ಮೊದಲ ವಾಕ್ಯವನ್ನು ನೂರು ಸಲ ಹಾಡಿರುತ್ತಾರೆ, ಕೊನೆಯದನ್ನು ಹತ್ತು ಸಲ. ಸಭೆಯ ಮುಂದೆ ನಿಂತಾಗ ಧೈರ್ಯ ಕರಗುವ ಹೊತ್ತಿಗೇ ಗೊತ್ತಿಲ್ಲದ ಭಾಗ ಎದುರಾಗುತ್ತದೆ.

ಶಾವುವೋತಿನ ಓದು ವಿಮೋಚನಕಾಂಡದ 19 ಮತ್ತು 20ನೇ ಅಧ್ಯಾಯ, ಸೀನಾಯಿ ಬೆಟ್ಟ ಮತ್ತು ಹತ್ತು ಆಜ್ಞೆಗಳು. ಇಲ್ಲೊಂದು ಬಲೆಯಿದೆ. ಆಜ್ಞೆಗಳಿಗೆ ಎರಡು ರಾಗವಿನ್ಯಾಸಗಳಿವೆ, ಕೆಳಗಿನದು ಮತ್ತು ಮೇಲಿನದು. ಸಭೆಯಲ್ಲಿ ಓದುವಾಗ ಮೇಲಿನದು. ಅನೇಕ ಪುಸ್ತಕಗಳಲ್ಲಿ ಎರಡೂ ಗುರುತುಗಳನ್ನು ಒಂದರ ಮೇಲೊಂದು ಅಚ್ಚು ಹಾಕಿರುತ್ತಾರೆ. ಒಂದು ಅಕ್ಷರಕ್ಕೆ ಎರಡು ಚಿಹ್ನೆ ಕಂಡು ಹೊಸಬರು ಅರ್ಧ ಇದು, ಅರ್ಧ ಅದು ಹಾಡುತ್ತಾರೆ. ವಾಕ್ಯಗಳ ಗಡಿಯೂ ಬದಲಾಗುತ್ತದೆ. ಕೆಳಗಿನ ಕ್ರಮದಲ್ಲಿ ನಾಲ್ಕು ವಾಕ್ಯವಾಗಿರುವ ಸಬ್ಬತ್ತಿನ (ಶನಿವಾರದ ವಿಶ್ರಾಂತಿಯ) ಆಜ್ಞೆ ಮೇಲಿನ ಕ್ರಮದಲ್ಲಿ ಒಂದೇ ಉದ್ದದ ವಾಕ್ಯ. ಕೊಲೆ, ವ್ಯಭಿಚಾರ, ಕಳ್ಳತನ, ಸುಳ್ಳುಸಾಕ್ಷಿ ಕೆಳಗಿನದರಲ್ಲಿ ಒಂದೇ ವಾಕ್ಯ, ಮೇಲಿನದರಲ್ಲಿ ನಾಲ್ಕು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದೇ ಬೇರೆಯಾಗಿಬಿಡುತ್ತದೆ. ಮೇಡಂ ಮೇಲಿನ ಕ್ರಮವೊಂದನ್ನೇ ದೊಡ್ಡಕ್ಷರದಲ್ಲಿ ಬೇರೆ ಹಾಳೆಗೆ ಇಳಿಸಿ, ಉಸಿರಿನ ಜಾಗಕ್ಕೆ ಕೆಂಪು ಗೆರೆ ಎಳೆದು ಕೊಟ್ಟರು. ಆ ಹಾಳೆ ಇಲ್ಲದಿದ್ದರೆ ಸಬ್ಬತ್ತಿನ ಆಜ್ಞೆ ನಡುದಾರಿಯಲ್ಲೇ ಕುಸಿಯುತ್ತಿತ್ತು.

ತಪ್ಪು ತಿದ್ದುವ ಅವರ ರೀತಿಯನ್ನೂ ಹೇಳಲೇಬೇಕು. ಅರ್ಥ ಕೆಡುವ ತಪ್ಪಾದರೆ ನಿಲ್ಲಿಸಿ ಮತ್ತೆ ಓದಿಸಬೇಕು. ಅರ್ಥ ಕೆಡದಿದ್ದರೆ ಸುಮ್ಮನಿರಬೇಕು, ಓದುವವರಿಗೆ ಸಭೆಯಲ್ಲಿ ಮುಖಭಂಗವಾಗಬಾರದು. ಇದು ಗ್ರಂಥದಲ್ಲಿರುವ ನಿಯಮ. ಪಾಲಿಸುವವರು ಕಡಿಮೆ; ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು ಕಲಿತವರಿಗೆ ಕಷ್ಟ. ಆ ಬೆಳಗ್ಗೆ ರಾಗ ಎರಡು ಕಡೆ ಜಾರಿತು. ಮೇಡಂ ಪುಸ್ತಕದಿಂದ ಕಣ್ಣೆತ್ತಲಿಲ್ಲ. ಒಂದು ಕಡೆ ಮಾತೇ ಬದಲಾಯಿತು. ಆಗ ಓದುವವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಸರಿಯಾದ ಪದ ಹೇಳಿದರು. ಹಿಂದಿನ ಸಾಲಿನವರಿಗೆ ಏನೂ ಗೊತ್ತಾಗಲಿಲ್ಲ.

ಈಗ ಆ ರಾತ್ರಿ. ಶಾವುವೋತಿನ ಹಿಂದಿನ ಇರುಳು ಬೆಳಗಿನವರೆಗೂ ಓದುವ ಜಾಗರಣೆ 16ನೇ ಶತಮಾನದಲ್ಲಿ ಗಲಿಲಾಯದ ಸಫೇದ್ ಊರಿನ ಪಂಡಿತರಿಂದ ಹಬ್ಬಿತು. ಇಂಥ ಇರುಳಿನ ಆಚರಣೆಗಳು ಬೆಳೆದದ್ದಕ್ಕೂ ಕಾಫಿ ಹರಡಿದ್ದಕ್ಕೂ ನಂಟಿದೆ ಎಂದು ಇತಿಹಾಸಕಾರ ಎಲಿಯಟ್ ಹೊರೊವಿಟ್ಸ್ ವಾದಿಸಿದ್ದಾರೆ, ಚಿಕ್ಕಮಗಳೂರಿನವರು ಹೆಮ್ಮೆಪಡಬಹುದು. ನಮ್ಮಲ್ಲಿ ದಿನ ಶುರುವಾಗುವುದು ಸೂರ್ಯಾಸ್ತಕ್ಕೆ; ಹಬ್ಬದ ದಿನ ಸ್ವಿಚ್ ಮುಟ್ಟುವಂತಿಲ್ಲ, ಬರೆಯುವಂತಿಲ್ಲ, ಮೈಕ್ ಇಲ್ಲ. ಬಿಸಿನೀರಿನ ಡ್ರಮ್ಮನ್ನು ಸೂರ್ಯಾಸ್ತಕ್ಕೆ ಮುಂಚೆಯೇ ತುಂಬಿ ಹಚ್ಚಿಡಬೇಕು. ಹಾಳೆಗಳಿಗೆ ಮೊದಲೇ ಪುಟಸಂಖ್ಯೆ ಹಾಕಿ ಪಿನ್ ಹೊಡೆದಿರಬೇಕು. ದೀಪಗಳನ್ನು ಟೈಮರಿಗೆ ಬಿಡಬೇಕು.

ಅಂದು ಹಬ್ಬ ಹಿಡಿದ ಕೂಡಲೇ, ಎಂಟೂಕಾಲರ ಸುಮಾರಿಗೆ, ಗುಡುಗಿನ ಮಳೆಗೆ ಕರೆಂಟು ಒಂದು ಕ್ಷಣ ಹೋಗಿ ಬಂತು. ಡಿಜಿಟಲ್ ಟೈಮರಿನ ಒಳಗಿನ ಬ್ಯಾಟರಿ ಸತ್ತಿದ್ದರೆ ಕರೆಂಟು ಹೋದಾಗ ಅದರ ಗಡಿಯಾರ ಮಧ್ಯರಾತ್ರಿ ಹನ್ನೆರಡಕ್ಕೆ ಮರಳಿ ಅಲ್ಲಿಂದ ಮತ್ತೆ ನಡೆಯತೊಡಗುತ್ತದೆ. ದೀಪ ಆರಬೇಕಾದದ್ದು ಬೆಳಗಿನ ಐದಕ್ಕೆ. ಟೈಮರಿನ ಲೆಕ್ಕದಲ್ಲಿ ಐದು ಗಂಟೆಯಾದಾಗ ಹೊರಗೆ ರಾತ್ರಿ ಒಂದೂಕಾಲು. ಸಭಾಂಗಣ ಪೂರ್ತಿ ಕತ್ತಲು. ಅಡುಗೆಮನೆಯಿಂದ ನಮ್ಮ ಕನ್ನಡದ ಗೆಳತಿಯೊಬ್ಬರು "ನಾನು ಹಾಕ್ಲಾ?" ಎಂದು ಕೇಳಿದರು. ತಾವು ಮಾಡಬಾರದ್ದನ್ನು ಬೇರೆ ಧರ್ಮದವರಿಂದ ಹೇಳಿ ಮಾಡಿಸುವಂತಿಲ್ಲ. ಮೇಡಂ "ಬೇಡಮ್ಮ, ನೀವು ಕೇಳಿದ್ದೇ ಸಾಕು" ಎಂಬರ್ಥದಲ್ಲಿ ಅವರ ಕೈ ಅದುಮಿ, ಎಲ್ಲರನ್ನೂ ಪ್ರಾರ್ಥನಾ ಮಂದಿರದ ನಂದಾದೀಪದ ಕೆಳಗೆ ಕೂರಿಸಿದರು. ಮುಖ ಗುರುತು ಹಿಡಿಯುವಷ್ಟು ಬೆಳಕಿತ್ತು, ಅಕ್ಷರ ಕಾಣುವಷ್ಟಿರಲಿಲ್ಲ. ಬಂದಿದ್ದವರಲ್ಲಿ ಬಹಳ ಮಂದಿ ಮನೆಗೆ ಹೊರಟರು. ತರಗತಿಯವರು ಉಳಿದರು.

"ಪುಸ್ತಕ ಬೇಡ. ಸರದಿ ಪ್ರಕಾರ ಬಾಯಿಪಾಠ ಹೇಳಿ," ಎಂದರು. ಮೂರನೆಯವರ ಸರದಿ ಬಂದಾಗ ಅವರು ಹಾಡುವ ಮುಂಚೆ ಎರಡು ಸಲ ಸಣ್ಣಗೆ ಗಂಟಲು ಸರಿಮಾಡಿಕೊಂಡರು. ಹಜ್ಜಾನರು ರೆಕಾರ್ಡಿಂಗಿನಲ್ಲಿ ಪ್ರತಿ ವಾಕ್ಯಕ್ಕೂ ಮುಂಚೆ ಮಾಡುತ್ತಿದ್ದದ್ದು ಅದನ್ನೇ. ರಾಗದ ಜೊತೆಗೆ ಅದನ್ನೂ ಕಲಿತುಬಿಟ್ಟಿದ್ದರು, ಅವರಿಗೇ ಗೊತ್ತಿರಲಿಲ್ಲ. ಆಮೇಲೆ ಸ್ವಲ್ಪ ಹೊತ್ತು ಯಾರಿಂದಲೂ ಆಗಲಿಲ್ಲ. ಅಳುವುದಕ್ಕೆ ಕತ್ತಲಿದ್ದದ್ದೇ ಒಳ್ಳೆಯದಾಯಿತು. ಮೇಡಂ ಮತ್ತು ಹಜ್ಜಾನರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಮೇಜಿನ ಎರಡು ಬದಿಗೆ ನಿಂತವರು. ನಮಗೆಲ್ಲರಿಗಿಂತ ಅವರಿಗೇ ಹೆಚ್ಚು ನೋವು. ಸಾಕಷ್ಟು ಹೊತ್ತು ಬಿಟ್ಟು ಅವರು "ಮುಂದಿನ ವಾಕ್ಯ" ಎಂದರು. ಅಷ್ಟೇ. ಎಂಟೂ ಜನರ ಭಾಗ ಮುಗಿಯಿತು, ಮತ್ತೊಂದು ಸುತ್ತು ಆಯಿತು. ನಿದ್ದೆ ಎಳೆಯುವ ಮೂರರಿಂದ ನಾಲ್ಕರ ನಡುವೆ ಎಲ್ಲರನ್ನೂ ಎಬ್ಬಿಸಿ ಮಂದಿರದ ಸುತ್ತ ನಡೆಸುತ್ತ ಹಾಡಿಸಿದರು. ಆ ಗಂಟೆಯಲ್ಲಿ ಉಪನ್ಯಾಸ ಇಟ್ಟರೆ ಯಾರೂ ಎಚ್ಚರವಿರುವುದಿಲ್ಲ. ಐದಕ್ಕೆ ಕಿಟಕಿ ಬೆಳ್ಳಗಾಗುವಾಗ ಪ್ರಾರ್ಥನೆ ಶುರುವಾಯಿತು. ಎಪ್ಪತ್ತೆಂಟು ವರ್ಷದ ಮೇಡಂ ಒಂದು ಸಲವೂ ಕುರ್ಚಿಗೆ ಒರಗಿರಲಿಲ್ಲ.

ಐದು ಅಲಿಯಾಗಳಿಗೆ (ತೋರಾ ಓದಿನ ಸರದಿಗಳಿಗೆ) ಐವರು, ಎರಡನೆಯ ಸುರುಳಿಯ ಅರಣ್ಯಕಾಂಡದ ಭಾಗಕ್ಕೆ ಒಬ್ಬರು, ಪ್ರವಾದಿ ಯೆಹೆಜ್ಕೇಲನ ದರ್ಶನಕ್ಕೆ ಒಬ್ಬರು, 11ನೇ ಶತಮಾನದ ತೊಂಬತ್ತು ಸಾಲಿನ ಅರಾಮಾಯಿಕ್ ಪದ್ಯ ಅಕ್ದಾಮುತಿಗೆ ಒಬ್ಬರು. ಓದು ಮುಗಿಯಿತು. ಮೇಡಂ, ನಿಮಗೆ ಕನ್ನಡ ಬರುವುದಿಲ್ಲ. ಯಾರಾದರೂ ಓದಿ ಹೇಳುತ್ತಾರೆ. ನಿಮ್ಮ ಋಣ ದೊಡ್ಡದು.

ಉಳಿದವರು: ಎರಡೂ ಸುರುಳಿಗಳನ್ನು ಹಬ್ಬಕ್ಕೆ ಮುಂಚೆಯೇ ಸರಿಯಾದ ಜಾಗಕ್ಕೆ ಸುತ್ತಿಟ್ಟವರು, ಎಡಬದಿ ಭಾರವಾಗಿದ್ದ ಸುರುಳಿಯನ್ನು ಹೊಲಿಗೆ ನಡುವೆ ಬರುವಂತೆ ತೆರೆದು ಮಂಡಿ ಬಗ್ಗಿಸಿ ಎತ್ತಿದವರು, ಬಾಗಿಲಲ್ಲಿ ರಾತ್ರಿಯಿಡೀ ನಿಂತ ಕಾವಲುಗಾರರು, ರಬ್ಬಿ ಮತ್ತು ಅವರ ಮನೆಯವರು, ಎಲ್ಲರಿಗೂ ವಂದನೆ.

ಕನ್ನಡದ ಅಡುಗೆ ತಂಡಕ್ಕೆ ಎರಡು ಮಾತು ಹೆಚ್ಚು. ಚಳಿಗಾಲದ ಕೀರ್ತನೆಯ ಸಂಜೆ ನಿಮ್ಮಿಂದಲೇ ನಡೆಯಿತು. ಮುಂಬಯಿಯ ಬೆನೆ ಇಸ್ರಾಯೇಲ್ ಯೆಹೂದ್ಯರು 19ನೇ ಶತಮಾನದ ಕೊನೆಯಲ್ಲಿ ಮರಾಠಿ ಕೀರ್ತನೆಯ ಧಾಟಿಯಲ್ಲಿ ಬೈಬಲಿನ ಕಥೆ ಹೇಳತೊಡಗಿದರು ಎಂಬುದನ್ನು, ಹರಿಕಥೆ ಕೇಳಿ ಬೆಳೆದ ನೀವು ಇಲ್ಲಿನವರಿಗಿಂತ ಬೇಗ ಹಿಡಿದಿರಿ. ಬೆಳಗಾವಿಯ ಗೆಳೆಯರು ಸಾಲು ಸಾಲಿಗೂ ಅರ್ಥ ಹೇಳಿದರು. ಕೊಂಕಣದಲ್ಲಿ ಗಾಣ ನಡೆಸುತ್ತ ಶನಿವಾರ ಮಾತ್ರ ಎತ್ತು ಕಟ್ಟದೆ ಉಳಿದ ಆ ಜನರ ಮಲಿದಾ ಎಂಬ ಸಿಹಿ ಅವಲಕ್ಕಿ ನಿಮ್ಮ ಕೈಯಲ್ಲಿ ಸರಿಯಾಗಿ ಬಂತು. ಮತ್ತೆ ಮಾಡುವವರಿಗಾಗಿ ಬರೆದಿಡುತ್ತೇವೆ: ಅರುವತ್ತು ಜನಕ್ಕೆ ಎರಡು ಕಿಲೋ ಮಧ್ಯಮ ಅವಲಕ್ಕಿ (ತೆಳು ಅವಲಕ್ಕಿ ಮುದ್ದೆಯಾಗುತ್ತದೆ), ಆರು ತೆಂಗಿನಕಾಯಿ, ಒಂದು ಕಿಲೋ ಬೆಲ್ಲ, ಏಲಕ್ಕಿ, ಖರ್ಜೂರ, ಹಣ್ಣು. ಬೆಲ್ಲವನ್ನು ಬಡಿಸುವ ಅರ್ಧ ಗಂಟೆ ಮುಂಚೆ ಬೆರೆಸಬೇಕು. ಮೊದಲೇ ಹಾಕಿದರೆ ನೀರು ಬಿಡುತ್ತದೆ. ಖರ್ಜೂರಕ್ಕೆ ಮರದ ಹಣ್ಣಿನ ಮಂತ್ರ, ಬಾಳೆಹಣ್ಣಿಗೆ ನೆಲದ ಬೆಳೆಯ ಮಂತ್ರ. ಎರಡನ್ನೂ ಬೇರೆ ಬೇರೆ ತಟ್ಟೆಯಲ್ಲಿಡಿ. ಮನೆಯ ಅಡುಗೆ, ಮನೆಯ ಪಾತ್ರೆ ಒಳಗೆ ತರುವಂತಿಲ್ಲ ಎಂದಾಗ ನೀವು ಮುನಿಸಿಕೊಳ್ಳಲಿಲ್ಲ. ಹೊಸ ತುರಿಮಣೆ ಕೊಂಡು, ಅದನ್ನು ಮಿಕ್ವೆಯ (ಶುದ್ಧಿಯ ಕೊಳದ) ನೀರಲ್ಲಿ ಮುಳುಗಿಸುವವರೆಗೂ ಕಾದಿರಿ. ಅದು ಹಾಲಿನ ಪಾತ್ರೆಗಳ ಕಪಾಟಿನಲ್ಲಿದೆ, ನೀಲಿ ಪಟ್ಟಿ ಅಂಟಿಸಿದ್ದೇವೆ. ದಯವಿಟ್ಟು ಅಲ್ಲೇ ಇರಲಿ.

ಮುಂದಿನ ತಂಡದ ಪಾಠ ಶರತ್ಕಾಲದ ಸಿಮ್ಖಾತ್ ತೋರಾ ಹಬ್ಬ ಕಳೆದ ಮೇಲೆ ಶುರುವಾಗುತ್ತದೆ. ಬರಿ ಕೇಳಲು ಬರುವವರಿಗೆ ಧರ್ಮದ ಅಡ್ಡಿಯಿಲ್ಲ, ಹಿಂದಿನ ಬೆಂಚು ಖಾಲಿ ಇರುತ್ತದೆ. ಮೊದಲ ಆರು ವಾರ ಇಪ್ಪತ್ತೆರಡು ಅಕ್ಷರ ಮತ್ತು ಐದು ಅಂತ್ಯರೂಪ ಮಾತ್ರ, ರಾಗ ಆಮೇಲೆ. ಕಲಿಸುವವರು ಮೇಡಂ ಅವರೇ. ತಡವಾಗಿ ಬಂದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ, ಎಚ್ಚರ.