ಮಗುವನ್ನು ತೂಗಿದ ಮೇಲೆ ತಾಯಿಯನ್ನೂ ಒಂದು ಮಾತು ಕೇಳಿ

ದಾವಣಗೆರೆ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ,

ಮಾನ್ಯರೇ, ನಮಸ್ಕಾರ. ನಾನು ಜಗಳೂರು ತಾಲ್ಲೂಕಿನವಳು. ಬಾಣಂತನ ಮುಗಿಸಿ ತವರಿಂದ ಬಂದು ಇನ್ನೂ ವಾರ ಆಗಿರಲಿಲ್ಲ. ನಲ್ಲಿ ನೀರು ಬಂತು ಅಂತ ತುಂಬಿದ ಕೊಡ ಎತ್ತಿ ಸೊಂಟಕ್ಕಿಟ್ಟೆ. ಕೆಳಗೆ ಏನೋ ಜಾರಿದ ಹಾಗಾಯಿತು. ಬಚ್ಚಲಿಗೆ ಹೋಗಿ ಮುಟ್ಟಿದರೆ ನಿಂಬೆಹಣ್ಣಿನಷ್ಟು ಮೆತ್ತಗಿನ ಗಂಟು. ಕ್ಯಾನ್ಸರ್ ಅಂದುಕೊಂಡು ಅಲ್ಲೇ ಕೂತು ಅತ್ತುಬಿಟ್ಟೆ.

ಮನೆಯಲ್ಲಿ ಹೇಳೋಕೆ ಹತ್ತು ದಿನ ಬೇಕಾಯಿತು. "ಹೆತ್ತ ಮೇಲೆ ಇವೆಲ್ಲ ಇದ್ದದ್ದೇ ಬಿಡವ್ವ, ನಂಗೂ ಆಗೇತಿ" ಅಂದರು ನಮ್ಮತ್ತೆ. ಅವರು ಸಂಜೆಯಾದರೆ ಸೊಂಟ ಹಿಡಿದುಕೊಂಡು ಮಲಗುವುದು ಯಾಕೆ ಅಂತ ನನಗೆ ಗೊತ್ತಾದದ್ದು ಅವತ್ತೇ.

ತೋರಿಸಿದ ಮೊದಲ ಆಸ್ಪತ್ರೆಯಲ್ಲಿ, "ಗರ್ಭಕೋಶ ಜಾರಿದೆ. ಎರಡನೇದು ಆಗಲಿ, ಆಮೇಲೆ ತೆಗೆಸಿಬಿಡೋಣ" ಅಂದರು. ನನಗೆ 26 ವರ್ಷ. ಗರ್ಭಕೋಶ ತೆಗೆದ ಮಾತ್ರಕ್ಕೆ ಅದನ್ನು ಹೊತ್ತುಕೊಂಡ ಸ್ನಾಯು ಗಟ್ಟಿಯಾಗಲ್ಲ, ಆಮೇಲೆ ಮೂತ್ರಚೀಲವೂ ಇಳಿಯಬಹುದು ಅಂತ ತಿಳಿದದ್ದು ದಾವಣಗೆರೆಯಲ್ಲಿ ಒಬ್ಬ ಫಿಸಿಯೋಥೆರಪಿ ಮೇಡಂ ಸಿಕ್ಕಾಗ.

ಅವರು ಕಲಿಸಿದ್ದಕ್ಕೆ ಮಾತ್ರೆಯೂ ಬೇಡ, ಮೆಷಿನ್ನೂ ಬೇಡ. ಮೂತ್ರ, ಗ್ಯಾಸು ಎರಡನ್ನೂ ಒಟ್ಟಿಗೆ ತಡೆಯುವ ಹಾಗೆ ಒಳಗಿಂದ ಮೇಲಕ್ಕೆ ಎಳೆದು ಹಿಡಿಯಬೇಕು. ಉಸಿರು ಕಟ್ಟಬಾರದು. ಆಮೇಲೆ ಪೂರ್ತಿ ಸಡಿಲ ಬಿಡಬೇಕು. ಮೊದಲ ವಾರ ಮೂರು ಎಣಿಸುವಷ್ಟರಲ್ಲಿ ಬಿಟ್ಟುಹೋಗುತ್ತಿತ್ತು. ದಿನಕ್ಕೆ ಮೂರು ಸಲ ಮಾಡಿ, ನಾಲ್ಕನೇ ತಿಂಗಳಿಗೆ ಹತ್ತು ಎಣಿಸಿದೆ. ಕೆಮ್ಮುವ ಮುಂಚೆ, ಮಗು ಎತ್ತುವ ಮುಂಚೆಯೂ ಒಂದು ಸಲ ಬಿಗಿ ಹಿಡಿ ಅಂದರು. ಮಲಬದ್ಧತೆ ಇದೆಯಾ ಅಂತ ಕೇಳಿದಾಗ ನನಗೆ ನಗು ಬಂತು. ಬಾಣಂತಿಗೆ ನೀರು ಜಾಸ್ತಿ ಆಗಬಾರದು ಅಂತ ನಮ್ಮಮ್ಮ ಲೋಟ ಅಳೆದು ಕೊಡುತ್ತಿದ್ದಳು. ಬಾಣಂತನ ಪೂರ್ತಿ ತಿಣುಕಿದ್ದೇ ತಿಣುಕಿದ್ದು! ಜಾರಿದ್ದನ್ನು ಇನ್ನೂ ಕೆಳಕ್ಕೆ ತಳ್ಳುವುದು ಅದೇ ಅಂತೆ.

ಈಗ ಗಂಟು ಕೈಗೆ ಸಿಗಲ್ಲ. ದಿನವಿಡೀ ಹೊಲದಲ್ಲಿ ಬಗ್ಗಿ ಕೆಲಸ ಮಾಡಿದರೆ ಮಾತ್ರ ಸಂಜೆಗೆ ಸ್ವಲ್ಪ ಭಾರ. ಎಲ್ಲರಿಗೂ ವ್ಯಾಯಾಮ ಸಾಲದು ನಿಜ. ಜಾಸ್ತಿ ಇಳಿದವರಿಗೆ ಒಳಗಿಡುವ ಸಿಲಿಕೋನ್ ರಿಂಗ್ ಇದೆ, ಕೆಲವರಿಗೆ ಆಪರೇಷನ್ನೇ ಬೇಕು.

ಹೆರಿಗೆಯಾದ 3, 7, 14, 21, 28, 42ನೇ ದಿನ ಆಶಾ ಅಕ್ಕ ಮನೆಗೆ ಬರುತ್ತಾರೆ. ಮೂರನೇ ತಿಂಗಳಿಗೆ ಮತ್ತೆ ಬರುತ್ತಾರೆ. ಮಗುವಿನ ತೂಕ ನೋಡಿದರು, ನನಗೆ ಜ್ವರ, ರಕ್ತಸ್ರಾವ ಇದೆಯಾ ಅಂತ ಕೇಳಿದರು. ಇದನ್ನು ಮಾತ್ರ ಕೇಳಲಿಲ್ಲ. "ಕೇಳಬೇಕು ಅಂತ ನಮಗೂ ಯಾರೂ ಹೇಳಿಲ್ಲ ಕಣವ್ವ" ಅಂದರು ಆಮೇಲೆ. 42ನೇ ದಿನ ಒಂದು ಸಲ, ಮೂರನೇ ತಿಂಗಳು ಒಂದು ಸಲ, "ಕೆಳಗೆ ಏನಾದರೂ ಇಳಿದಂಗೆ ಅನ್ಸುತ್ತಾ?" ಅಂತ ಕೇಳಿಸಿ. ನಾವಾಗಿ ಬಾಯಿ ಬಿಡಲ್ಲ, ಕೇಳಿದರೆ ಹೇಳುತ್ತೇವೆ.

ಹಾಗೇ ಜಗಳೂರು, ಚನ್ನಗಿರಿ, ಹೊನ್ನಾಳಿಯಂಥ ಕಡೆ ವಾರಕ್ಕೊಂದು ದಿನ ಫಿಸಿಯೋಥೆರಪಿಯವರು ಕೂರುವ ಹಾಗೆ ಮಾಡಿ. ದಾವಣಗೆರೆಗೆ ಬಸ್ ಚಾರ್ಜ್ ಇಲ್ಲದಿದ್ದರೂ ಅವತ್ತಿನ ಕೂಲಿ ಹೋಗುತ್ತೆ, ಅಲ್ವಾ?

ನಮ್ಮತ್ತೆ ಈಗ ನನ್ನ ಜೊತೆ ಕೂತು ಎಣಿಸುತ್ತಾರೆ. ಅವರಿಗೆ ರಿಂಗ್ ಬೇಕಾಗಬಹುದಂತೆ. ಜಗಳೂರಲ್ಲೇ ಸಿಗುವ ದಿನ ತಿಳಿಸಿ, ನಾನೇ ಕರೆದುಕೊಂಡು ಬರುತ್ತೇನೆ.

ಇಂತಿ,
ಜಗಳೂರು ತಾಲ್ಲೂಕಿನ ಒಬ್ಬ ತಾಯಿ