ಮಗಳಿಗೊಂದು ಪತ್ರ: ಒಂದೇ ಮಗ್ಗದ ಸದ್ದು

ದಾವಣಗೆರೆ

ಪ್ರೀತಿಯ ಪುಟ್ಟಿ,

ಸುಖವಾಗಿ ಬಂದು ತಲುಪಿದೆವು ಅಂತ ಫೋನಲ್ಲೇ ಹೇಳಿಯಾಯಿತು. ಆದರೂ ಕಾಗದ ಬರೆಯುತ್ತಿದ್ದೇನೆ. ಫೋನಲ್ಲಿ ಹೇಳೋಕೆ ಆಗದ ಒಂದು ಮಾತು ಉಳಿದುಬಿಟ್ಟಿದೆ.

ಆ ಭಾನುವಾರ ಮ್ಯಾಂಚೆಸ್ಟರ್ ಹತ್ತಿರದ ಹಳೆಯ ಹತ್ತಿ ಗಿರಣಿ ಕ್ವಾರಿ ಬ್ಯಾಂಕ್ ನೋಡಿ ವಾಪಸ್ ಬರುವಾಗ ಕಾರಲ್ಲಿ ನೀನು ಕೇಳಿದೆ, "ಯಾಕಪ್ಪ ಸುಮ್ಮನಾಗಿಬಿಟ್ಟೆ? ಇಷ್ಟ ಆಗಲಿಲ್ವಾ?" ನಾನು ಮಂಡಿ ನೋವು ಅಂದೆ. ಮಂಡಿ ನೋವಿದ್ದದ್ದು ಸುಳ್ಳಲ್ಲ. ಆದರೆ ಸುಮ್ಮನಾಗಿದ್ದು ಅದಕ್ಕಲ್ಲ.

ಇಂಗ್ಲೆಂಡಿನ ಆ ಮೂರು ತಿಂಗಳಲ್ಲಿ ನೀನು, ಅಳಿಯಂದಿರು ನಮ್ಮನ್ನು ಎಲ್ಲೆಲ್ಲಿ ಸುತ್ತಿಸಿದಿರಿ! ಫ್ರಿಜ್ ಬಾಗಿಲಿಗೆ ಪಟ್ಟಿ ಅಂಟಿಸಿ, ನೋಡಿ ಬಂದ ಜಾಗಕ್ಕೆ ಗೀಟು ಹಾಕುತ್ತಿದ್ದೆ. ಯಾರ್ಕ್‌ನಲ್ಲಿ ಕೋಟೆ ಗೋಡೆ ಮೇಲೆ ಕೊಡೆ ಹಿಡಿದು ನಡೆದೆವು. ಡನಮ್ ಮ್ಯಾಸಿಯಲ್ಲಿ ನಿಮ್ಮಮ್ಮ ಅರಮನೆ ಬಿಟ್ಟು ಜಿಂಕೆ ನೋಡುತ್ತಾ ನಿಂತಳು. ಎಲ್ಲಿ ಹೋದರೂ ಟಿಕೆಟ್ ದುಡ್ಡನ್ನ ರೂಪಾಯಿಗೆ ಗುಣಿಸಿ "ಅಯ್ಯೋ" ಅಂದಳು. ಇದನ್ನೆಲ್ಲ ಈಗ ಪಕ್ಕದ ಮನೆಯವರಿಗೆ ದಿನಾ ಹೇಳುತ್ತಿದ್ದಾಳೆ, ಸ್ವಲ್ಪ ಜಾಸ್ತಿ ಮಾಡಿಯೇ.

ನನಗೆ ಮಾತ್ರ ಬಂದ ದಿನದಿಂದಲೂ ಮ್ಯಾಂಚೆಸ್ಟರ್ ಮೇಲೇ ಕಣ್ಣು. ಹತ್ತಿ ಗಿರಣಿಗಳಿದ್ದದ್ದಕ್ಕೆ ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರಲ್ಲ, ಆ ಹೆಸರು ಕೇಳಿಯೇ ಬೆಳೆದವನು ನಾನು. ಅಲ್ಲಿ ಚಿಮಣಿ, ಹೊಗೆ, ಸೈರನ್ ಇರುತ್ತೆ ಅಂದುಕೊಂಡಿದ್ದೆ. ನೋಡಿದರೆ ಒಂದು ಚಿಮಣಿಯಲ್ಲೂ ಹೊಗೆ ಇಲ್ಲ. ಹತ್ತಿ ಗೋದಾಮುಗಳೆಲ್ಲ ಫ್ಲ್ಯಾಟು, ಹೋಟೆಲು. ನೀನು ಆಫೀಸಿಗೆ ಹೋದ ಮೇಲೆ ಆ ಫ್ರೀ ಬಸ್ಸು ಹತ್ತಿ ಒಬ್ಬನೇ ತಿರುಗುತ್ತಿದ್ದೆ. ರಾಯಲ್ ಎಕ್ಸ್‌ಚೇಂಜ್ ಒಳಗೆ ಹೋಗಿದ್ದೆ. ಹಿಂದೆ ಅಲ್ಲಿ ಸಾವಿರಾರು ವ್ಯಾಪಾರಿಗಳು ನಿಂತು ಹತ್ತಿ, ನೂಲಿನ ದರ ಕುದುರಿಸುತ್ತಿದ್ದರಂತೆ. ಈಗ ನಾಟಕದ ಥಿಯೇಟರ್. ತಲೆ ಎತ್ತಿ ನೋಡಿದರೆ ಮೇಲೆ ದರದ ಬೋರ್ಡು ಹಾಗೇ ಇದೆ. 1968ರಲ್ಲಿ ವ್ಯಾಪಾರ ನಿಂತ ದಿನದ ಕೊನೆಯ ದರಗಳನ್ನು ಯಾರೂ ತೆಗೆದಿಲ್ಲ. ನಮ್ಮ ಗಿರಣಿ ಗೇಟಿನ ಹತ್ತಿರ ಶಿಫ್ಟ್ ಪಟ್ಟಿಯ ಕಪ್ಪು ಹಲಗೆ ಇತ್ತು. ಬೀಗ ಬಿದ್ದ ಮೇಲೂ ಬಹಳ ದಿನ ಅದರ ಮೇಲೆ ನಮ್ಮ ಹೆಸರು ಹಾಗೇ ಇದ್ದವು. ಒಂದು ಮಳೆಗಾಲದಲ್ಲಿ ಅಳಿಸಿಹೋದವು.

ಇನ್ನೊಂದು ದಿನ ಲಿವರ್‌ಪೂಲ್ ರೋಡ್ ಸ್ಟೇಷನ್ ನೋಡಿದೆ. 1830ರದ್ದು. ಪ್ರಪಂಚದಲ್ಲಿ ಉಳಿದಿರುವ ಪ್ಯಾಸೆಂಜರ್ ರೈಲು ನಿಲ್ದಾಣಗಳಲ್ಲೇ ಹಳೆಯದು. ಆಗಲೇ ಫಸ್ಟ್ ಕ್ಲಾಸಿನವರಿಗೆ ಬೇರೆ ಬಾಗಿಲು, ಸೆಕೆಂಡ್ ಕ್ಲಾಸಿನವರಿಗೆ ಬೇರೆ ಬಾಗಿಲು. ಎದುರಿಗೇ ಗೋದಾಮು. ಜನರಷ್ಟೇ ಮುಖ್ಯ ಆ ರೈಲಿಗೆ ಹತ್ತಿ. ಲಿವರ್‌ಪೂಲ್ ಬಂದರಿಗೆ ಇಳಿದ ಬೇಲುಗಳು ಗಿರಣಿಗೆ ಬೇಗ ಬರಬೇಕಿತ್ತಲ್ಲ.

ಆ ಹತ್ತಿ ಬಹುಪಾಲು ಅಮೆರಿಕದಲ್ಲಿ ಗುಲಾಮರು ಬೆಳೆದದ್ದು. ಊರ ನಡುವೆ ಲಿಂಕನ್ ಪ್ರತಿಮೆ ಯಾಕಿದೆ ಅಂತ ನೀನು ಒಮ್ಮೆ ಕೇಳಿದ್ದೆ, ನನಗೂ ಗೊತ್ತಿರಲಿಲ್ಲ. ಆಮೇಲೆ ಪೀಠದ ಮೇಲೆ ಬರೆದದ್ದನ್ನು ನಿಧಾನಕ್ಕೆ ಕೂಡಿಸಿ ಓದಿದೆ, ಉಳಿದದ್ದನ್ನು ಅಳಿಯಂದಿರು ಹೇಳಿದರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಲಿಂಕನ್ ಕಡೆಯವರು ದಕ್ಷಿಣದ ಬಂದರುಗಳನ್ನು ಕಟ್ಟಿಹಾಕಿದರು. ಹತ್ತಿ ಬರೋದು ನಿಂತಿತು, ಮ್ಯಾಂಚೆಸ್ಟರ್ ಸುತ್ತಲಿನ ಲ್ಯಾಂಕಶೈರ್ ಗಿರಣಿಗಳೂ ನಿಂತವು. ಲಕ್ಷಾಂತರ ಜನಕ್ಕೆ ಕೂಲಿ ಇಲ್ಲ. ಅಷ್ಟಾದರೂ 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ಕೂಲಿಕಾರರು ಸಭೆ ಸೇರಿ, ಗುಲಾಮಗಿರಿ ಹೋಗಲಿ, ನಾವು ನಿಮ್ಮ ಕಡೆ ಅಂತ ಲಿಂಕನ್‌ಗೆ ಕಾಗದ ಬರೆದರು. ಜನವರಿಯಲ್ಲಿ ಲಿಂಕನ್ ಉತ್ತರವನ್ನೂ ಬರೆದರು. ಎಲ್ಲರೂ ಹಾಗೇ ಅಂದಿರಲಾರರು ಬಿಡು, ಹೊಟ್ಟೆ ಹಸಿದವರಲ್ಲಿ ಎರಡು ಮಾತು ಇದ್ದೇ ಇರುತ್ತೆ. ಆದರೂ ಸಂಬಳ ನಿಂತ ಮನೆ ಹೇಗಿರುತ್ತೆ ಅಂತ ನನಗೆ ಗೊತ್ತು. ಅದಕ್ಕೇ ಆ ಕಾಗದ ದೊಡ್ಡದು ಅನ್ನಿಸಿತು.

ಅದೇ ಹತ್ತಿ ಬರಗಾಲದಲ್ಲಿ ಅವರ ಕಣ್ಣು ನಮ್ಮ ಕಡೆ ತಿರುಗಿತು ನೋಡು. ಧಾರವಾಡದ ಕಪ್ಪು ನೆಲದಲ್ಲಿ ಅಮೆರಿಕದ ಬೀಜ ಹಾಕಿ ಬೆಳೆದ ಹತ್ತಿಗೆ ಅಲ್ಲಿನ ಪೇಟೆಯಲ್ಲಿ 'ಧಾರವಾರ್ ಅಮೆರಿಕನ್' ಅಂತಲೇ ಹೆಸರು. ಅದನ್ನು ಸಾಗಿಸೋಕೆ ಅಂತಲೇ ಕಾರವಾರ ಬಂದರಿಗೂ ಘಟ್ಟದ ರಸ್ತೆಗೂ ಜೋರು ಬಂತು. ಯುದ್ಧ ಮುಗಿದದ್ದೇ ತಡ, ದರ ಬಿತ್ತು. ಬೆಳೆದವನ ಕಥೆ ಆಗಲೂ ಅಷ್ಟೇ, ಈಗಲೂ ಅಷ್ಟೇ.

ಈಗ ಆ ಭಾನುವಾರಕ್ಕೆ ಬರುತ್ತೇನೆ.

ಸ್ಟಯಲ್ ಅನ್ನೋ ಊರಿನ ಆ ಗಿರಣಿಯನ್ನು 1784ರಲ್ಲಿ ಸ್ಯಾಮ್ಯುಯಲ್ ಗ್ರೆಗ್ ಕಟ್ಟಿಸಿದ. ಬಾಲಿನ್ ಹೊಳೆ ನೀರಿನಿಂದ ಚಕ್ರ ತಿರುಗಿಸಿ ಯಂತ್ರ ನಡೆಸಿದ. ನಮ್ಮ ಗೋಕಾಕದಲ್ಲೂ ಜಲಪಾತದ ನೀರೇ ಗಿರಣಿ ನಡೆಸಿದ್ದು. ಎಂಥ ಜಾಗ ಅದು! ಸುತ್ತ ಕಾಡು, ಕೆಳಗೆ ಹೊಳೆ, ತಲೆ ಮೇಲೆ ಐದೈದು ನಿಮಿಷಕ್ಕೆ ವಿಮಾನ. ಏರ್‌ಪೋರ್ಟ್ ಪಕ್ಕದಲ್ಲೇ ಇದೆಯಲ್ಲ. ಮೊಮ್ಮಗ ಚಿನ್ನು ಗಿರಣಿ ನೋಡದೆ ವಿಮಾನ ಎಣಿಸಿದ.

1790ರಲ್ಲಿ ಕಟ್ಟಿದ ಆ ಅಪ್ರೆಂಟಿಸ್ ಮಕ್ಕಳ ಮನೆಯಲ್ಲಿ ನಿಮ್ಮಮ್ಮ ಅತ್ತಳು. ಒಂದು ಹಾಸಿಗೆಗೆ ಇಬ್ಬರು ಮಕ್ಕಳು, ದಿನಕ್ಕೆ ಹನ್ನೆರಡು ತಾಸಿನ ಕೆಲಸ, ಗಂಜಿಯನ್ನು ಗಟ್ಟಿ ಮಾಡಿ ಅಂಗೈಗೇ ಹಾಕಿ ಕೊಡುತ್ತಿದ್ದರಂತೆ. ಒಂಬತ್ತು, ಹತ್ತು ವರ್ಷದವರು. ಆ ಕಾಲಕ್ಕೆ ಗ್ರೆಗ್ ಒಳ್ಳೆಯ ಮಾಲೀಕ ಅಂತ ಹೆಸರಾದವನು. ಅದೇ ಗ್ರೆಗ್‌ಗೆ ಡೊಮಿನಿಕಾ ದ್ವೀಪದಲ್ಲಿ ಗುಲಾಮರು ದುಡಿಯುವ ತೋಟವೂ ಇತ್ತು. ಒಳ್ಳೆಯವನು ಅನ್ನೋದಕ್ಕೂ ಒಂದು ಲೆಕ್ಕ ಇರುತ್ತೆ, ಅಲ್ವಾ?

ಆಮೇಲೆ ಮಗ್ಗದ ಕೋಣೆಗೆ ಹೋದೆವು. ಬಾಗಿಲಲ್ಲೇ ಎಣ್ಣೆ, ಹತ್ತಿ ಧೂಳು ಸೇರಿದ ವಾಸನೆ ಮೂಗಿಗೆ ಹೊಡೆಯಿತು. ಸದ್ದು ಜಾಸ್ತಿ, ಕಿವಿ ಮುಚ್ಚಿಕೊಳ್ಳಿ ಅಂತ ಗೈಡ್ ಎಚ್ಚರಿಕೆ ಕೊಟ್ಟರು. ನಂತರ ಮಗ್ಗ ಓಡಲು ಬಿಟ್ಟರು. ಚಿನ್ನು ಕಿರುಚಿಕೊಂಡ, ನೀವೆಲ್ಲ ಅವನನ್ನು ಎತ್ತಿಕೊಂಡು ಹೊರಗೆ ಓಡಿದಿರಿ. ನಾನು ನಿಂತೇ ಇದ್ದೆ.

ಒಂದೇ ಮಗ್ಗ ಪುಟ್ಟಿ. ನಮ್ಮ ಶೆಡ್ಡಲ್ಲಿ ಇನ್ನೂರು ಇದ್ದವು. ನಾನು 1975ರಲ್ಲಿ ಸೇರಿದಾಗ ಮೊದಲ ವಾರ ರಾತ್ರಿ ಮಲಗಿದರೂ ಕಿವಿಯಲ್ಲಿ ಲಾಳಿ ಓಡುತ್ತಿತ್ತು. ಆಮೇಲೆ ಅಭ್ಯಾಸವಾಯಿತು, ಅಂದರೆ ಎಡಗಿವಿ ಹೋಯಿತು. ಟಿವಿ ಸೌಂಡ್ ಜಾಸ್ತಿ ಇಡುತ್ತೀಯ ಅಂತ ಪರೀಕ್ಷೆ ದಿನಗಳಲ್ಲಿ ನೀನು ನನ್ನ ಮೇಲೆ ರೇಗುತ್ತಿದ್ದೆಯಲ್ಲ, ನನಗೆ ನಿಜವಾಗಿ ಕೇಳಿಸುತ್ತಿರಲಿಲ್ಲ. ಕಿವುಡ ಅಂತ ಹೇಳಿಕೊಳ್ಳೋಕೆ ನಾಚಿಕೆಯಾಗಿ ಸುಮ್ಮನೆ ಬೈಸಿಕೊಂಡೆ.

ನೀವು ಹೊರಗಿದ್ದಾಗ ಒಂದು ಎಳೆ ಕಡಿಯಿತು. ಗೈಡ್ ಮಗ್ಗ ನಿಲ್ಲಿಸಿ ಕನ್ನಡಕ ಸರಿಮಾಡಿಕೊಂಡು ತುದಿ ಹುಡುಕುತ್ತಿದ್ದರು. ನನ್ನ ವಯಸ್ಸಿನವರೇ, ಒಂದೆರಡು ವರ್ಷ ಹೆಚ್ಚಿರಬಹುದು. ನನ್ನ ಕೈ ತಾನಾಗೇ ಹಗ್ಗದ ಆಚೆ ಚಾಚಿತು, ಇಲ್ಲಿದೆ ಅಂತ ಬೆರಳು ತೋರಿಸಿದೆ. ಅವರು ನನ್ನ ಮುಖ ನೋಡಿದರು, ಆಮೇಲೆ ಕೈ ನೋಡಿದರು. ಎಳೆಯ ತುದಿಯನ್ನು ನನ್ನ ಕೈಗೇ ಕೊಟ್ಟರು. ಬಿಟ್ಟು ಇಷ್ಟು ವರ್ಷವಾದರೂ ಬೆರಳಿಗೆ ಗಂಟು ಮರೆತಿರಲಿಲ್ಲ. ಹೆಬ್ಬೆರಳು, ತೋರುಬೆರಳು, ಒಂದು ಸುತ್ತು, ಎಳೆದರೆ ಆಯಿತು. ಅವರು ಉಗುರಿನಿಂದ ಸವರಿ ನೋಡಿ, ಮಗ್ಗ ಮತ್ತೆ ಬಿಟ್ಟರು. ಗಂಟು ಹಾದುಹೋಯಿತು.

ಆಮೇಲೆ ಆ ಸದ್ದಿನಲ್ಲೇ ಮಾತಾಡಿದೆವು. ಲ್ಯಾಂಕಶೈರ್ ಗಿರಣಿ ಹೆಂಗಸರು ತುಟಿ ಅಗಲಿಸಿ, ಸದ್ದಿಲ್ಲದೆ ಮಾತಾಡುತ್ತಿದ್ದರಂತೆ, ಅದಕ್ಕೆ ಅವರು 'ಮೀಮಾಯಿಂಗ್' ಅನ್ನುತ್ತಾರೆ. ನಾವೂ ಶೆಡ್ಡಲ್ಲಿ ಹಾಗೇ ಅಲ್ವಾ, ಚಹಾ ಅಂದರೆ ಒಂದು ಸನ್ನೆ, ಜಾಬರ್ ಮೇಸ್ತ್ರಿ ಬಂದ ಅಂದರೆ ಒಂದು ಸನ್ನೆ. ಅವರು ತಮ್ಮ ಕಿವಿ ತೋರಿಸಿ ಕೈ ಅಲ್ಲಾಡಿಸಿದರು. ನಾನೂ ಎಡಗಿವಿ ತೋರಿಸಿದೆ. ಇಬ್ಬರೂ ನಕ್ಕೆವು. ನನ್ನ ಇಂಗ್ಲಿಷಿಗೆ ಅಲ್ಲಿ ಕೆಲಸವೇ ಬೀಳಲಿಲ್ಲ. ಹಳೆಯ ಲಾಳಿಯೊಂದನ್ನು ತೆಗೆದು ಬಾಯಿಗಿಟ್ಟು ಎಳೆದಂತೆ ಮಾಡಿ ತೋರಿಸಿದರು. ಲಾಳಿಯ ಕಣ್ಣಿಂದ ನೂಲನ್ನು ಬಾಯಲ್ಲಿ ಹೀರಿ ತೆಗೆಯುತ್ತಿದ್ದರು, ಅದರಿಂದ ರೋಗ ಹರಡುತ್ತಿತ್ತು. ನಾನು ತಲೆಯಾಡಿಸಿದೆ. ನಾನೂ ಹೀರಿದ್ದೇನೆ.

ನೀನು ವಾಪಸ್ ಬಂದಾಗ ನಾನು ಕಣ್ಣು ಒರೆಸಿಕೊಳ್ಳುತ್ತಿದ್ದೆ. ಧೂಳು ಅಂದೆ.

ಗ್ರೆಗ್ ಮನೆತನದವರು ಆ ಗಿರಣಿಯನ್ನು 1939ರಲ್ಲೇ ಹಳೆಯ ಕಟ್ಟಡ ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ದಾನ ಕೊಟ್ಟರು. 1959ರಲ್ಲಿ ಉತ್ಪಾದನೆ ನಿಂತ ಮೇಲೂ ಗೋಡೆ, ಚಕ್ರ, ಮಗ್ಗ ಉಳಿದವು. ನಾನು ಕಳೆದ ವಾರ ನಮ್ಮ ಗಿರಣಿ ಇದ್ದ ಕಡೆ ಹೋಗಿದ್ದೆ. ಒಂದು ಗೋಡೆ ಉಳಿದಿದೆ, ಅದರ ಮೇಲೆ ಕೋಚಿಂಗ್ ಕ್ಲಾಸಿನ ಪೋಸ್ಟರ್. ಬರಬೇಕಿದ್ದ ಬಾಕಿ ದುಡ್ಡು ವರ್ಷಗಟ್ಟಲೆ ತಡವಾಗಿ, ಅರ್ಧ ಬಂದದ್ದು ನಿನಗೂ ಗೊತ್ತು. ಅದನ್ನು ಮತ್ತೆ ಕೆದಕೋಲ್ಲ. ಮಗ್ಗಗಳು ಗುಜರಿಗೆ ಹೋದವು. ಒಂದಾದರೂ ಇಟ್ಟುಕೊಂಡಿದ್ದರೆ ಚಿನ್ನುಗೆ ತೋರಿಸಬಹುದಿತ್ತು.

ಆ ಗೈಡ್ ಹೊರಡುವಾಗ ಒಂದು ಚೀಟಿಯಲ್ಲಿ ಊರ ಹೆಸರು ಬರೆದುಕೊಟ್ಟರು, ಬರ್ನ್ಲಿ. ಅಲ್ಲಿ ಕ್ವೀನ್ ಸ್ಟ್ರೀಟ್ ಮಿಲ್ ಅಂತ ಇದೆಯಂತೆ. ಹಬೆಯಂತ್ರದಿಂದ ನಡೆಯುತ್ತಿದ್ದ ನೇಯ್ಗೆ ಗಿರಣಿ, 1982ರವರೆಗೂ ದುಡಿದಿದೆ. ಒಂದೇ ಶೆಡ್ಡಲ್ಲಿ 300ಕ್ಕೂ ಜಾಸ್ತಿ ಮಗ್ಗ. ಅದನ್ನು ನಡೆಸುವ ಯಂತ್ರದ ಹೆಸರು 'ಪೀಸ್', ಶಾಂತಿ ಅಂತ! ಹೆಸರಿಟ್ಟವನಿಗೂ ಕಿವಿ ಹೋಗಿತ್ತೇನೋ.

ಮುಂದಿನ ಸಲ ಬಂದಾಗ ಅಲ್ಲಿಗೆ ಹೋಗೋಣ. ವರ್ಷಪೂರ್ತಿ ತೆಗೆದಿರೋಲ್ಲವಂತೆ, ದಿನ ನೋಡಿಕೊಂಡು ಫ್ರಿಜ್ ಪಟ್ಟಿಯಲ್ಲಿ ಬರೆದಿಡು. ಚಿನ್ನುವನ್ನೂ ಕರೆದುಕೊಂಡು ಹೋಗೋಣ, ಹೆದರಿಕೊಳ್ಳುತ್ತಾನೆ ಅಂತ ಮನೆಯಲ್ಲಿ ಬಿಡಬೇಡ. ಅವನ ಕಿವಿಗೆ ಇಡೋಕೆ ಹತ್ತಿ ಇಲ್ಲಿಂದಲೇ ತರುತ್ತೇನೆ.

ನಿನ್ನ ಅಪ್ಪ