ಬಾಯಿಗೆ ಕೈ ಅಡ್ಡ ಹಿಡಿಯಬೇಡ ಪುಟ್ಟಿ

ಪ್ರೀತಿಯ ಪುಟ್ಟಿ,

ನಿನ್ನ ಕಾಗದದಲ್ಲಿ ಕೊನೆಯ ಸಾಲು ಬಿಟ್ಟು ಬೇರೇನೂ ನನ್ನ ತಲೆಯಲ್ಲಿ ನಿಲ್ಲಲಿಲ್ಲ. 'ಹಲ್ಲು ಸರಿಯದ ಹಾಗೆ ಹಾಕ್ಕೊಳ್ಳೋ ರಿಟೇನರ್ ವಾಸನೆ ಬರುತ್ತೆ ದೊಡ್ಡಮ್ಮ, ರೂಮಿನವರ ಹತ್ರ ಬಾಯಿಗೆ ಕೈ ಅಡ್ಡ ಇಟ್ಕೊಂಡೇ ಮಾತಾಡ್ತೀನಿ' ಅಂತ ಬರೆದಿದ್ದೀಯಲ್ಲ, ರಾತ್ರಿ ಎದ್ದು ಮತ್ತೆ ಓದಿದೆ.

ಆ ಅಡ್ಡ ಹಿಡಿಯುವ ಕೈ ನನಗೆ ಗೊತ್ತು. ಅಜ್ಜಿ ಹಲ್ಲು ಕಟ್ಟಿಸಿಕೊಂಡ ಹೊಸದರಲ್ಲಿ ಸೆಟ್ಟನ್ನು ಸ್ಟೀಲ್ ಲೋಟದ ನೀರಲ್ಲಿ ಹಾಕಿ, ಮೇಲೆ ತಟ್ಟೆ ಮುಚ್ಚಿ ಇಡುತ್ತಿದ್ದಳು. ಒಂದು ಬೆಳಗ್ಗೆ ತಟ್ಟೆ ತೆಗೆದು ನೋಡಿ ನಾನು ಮುಖ ಸಿಂಡರಿಸಿದೆ. 'ಥೂ, ಬಚ್ಚಲಲ್ಲಿ ಇಟ್ಕೋಬಾರ್ದಾ' ಅಂದೆ. ಅವತ್ತಿನಿಂದ ಮಾತಾಡುವಾಗ ಸೆರಗು ಅಡ್ಡ ಬಂತು. ಊಟಕ್ಕೂ ನಮ್ಮೆಲ್ಲರದ್ದು ಆದ ಮೇಲೆ ಒಬ್ಬಳೇ, ಗೋಡೆ ಕಡೆ ತಿರುಗಿ ಕೂರುತ್ತಿದ್ದಳು. ತೊಳೆದುಕೊಡಲಾ ಅಂತ ನಾನು ಕೇಳಲಿಲ್ಲ.

ಅವಳು ಹಾಸಿಗೆ ಹಿಡಿದಾಗ ಒಮ್ಮೆ ತೊಳೆಯಲು ಹೋದೆ. ಚೆನ್ನಾಗಿ ಕ್ಲೀನ್ ಆಗಲಿ ಅಂತ ಕುದಿಯುವ ನೀರು ಸುರಿದೆ. ಸೆಟ್ಟು ಸೊಟ್ಟಗಾಯಿತು. ಅಜ್ಜಿ ಒಂದು ಮಾತೂ ಆಡಲಿಲ್ಲ. ಮಜ್ಜಿಗೆ ಅನ್ನ ಕಿವುಚಿಕೊಂಡು ನುಂಗಿದಳು.

ಅದಕ್ಕೇ ಬಿಸಿನೀರು ಮಾತ್ರ ಬೇಡ ಕಂದ. ನಿನ್ನದು ಇನ್ನೂ ತೆಳು ಪ್ಲಾಸ್ಟಿಕ್ಕು. ತೆಗೆದ ಕೂಡಲೇ ತಣ್ಣೀರಲ್ಲಿ ತೊಳೆ, ಎಂಜಲು ಒಣಗಲು ಬಿಡಬೇಡ. ಮೆತ್ತನೆ ಬ್ರಶ್ಶಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಸಾಕು. ಪೇಸ್ಟ್ ಹಾಕಿ ಉಜ್ಜಿದರೆ ಗೀರು ಬಿದ್ದು, ಅದರಲ್ಲೇ ಕೊಳೆ ಕೂರುತ್ತದೆ. ಡಾಕ್ಟರು ಇದೆಲ್ಲ ಹೇಳಿಯೇ ಇರುತ್ತಾರೆ, ನಾನು ಸುಮ್ನೆ ಬರೆಯುತ್ತಿದ್ದೇನೆ.

ಆದರೆ ರಿಟೇನರ್ ಮೇಲೆ ಬಿಳಿ ಪದರ ಕಂಡು 'ನಾನೇ ಕೊಳಕಿ' ಅಂದಿದ್ದೀಯ. ಹಾಗನ್ನಬೇಡ. ಎಂಜಲಲ್ಲಿರುವ ಸುಣ್ಣದ ಅಂಶ ಗಟ್ಟಿಯಾಗುವುದು ಅದು. ನಮ್ಮ ಹಂಡೆ ತಳದಲ್ಲಿ ಕಟ್ಟುತ್ತಲ್ಲ, ಹಾಗೆ. ಹಂಡೆಗೆ ಯಾರಾದರೂ ನಾಚಿಕೆಪಡುತ್ತಾರಾ? ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ 15–20 ನಿಮಿಷ ನೆನೆಸಿಟ್ಟು ಉಜ್ಜಿ ನೋಡು. ಡಬ್ಬಿಯನ್ನೂ ತೊಳೆದು ಒಣಗಿಸು. ವಾಸನೆ ಅಲ್ಲೂ ಕೂತಿರುತ್ತದೆ.

ಹಾಕುವುದನ್ನು ಬಿಟ್ಟರೆ ಹಲ್ಲು ಮತ್ತೆ ಸರಿಯುತ್ತವೆ, ನಿಜ. ಆ ಚಿಂತೆ ನನಗೆ ಅಷ್ಟಿಲ್ಲ. ಆ ಕೈಯದೇ ಚಿಂತೆ. ನಿನಗೂ ಯಾರಾದರೂ ನನ್ನ ಹಾಗೆ ಏನಾದರೂ ಅಂದರಾ?

ರಜೆಗೆ ಬಂದಾಗ ಡಬ್ಬಿಯನ್ನು ಬ್ಯಾಗಿನ ತಳದಲ್ಲಿ ಬಚ್ಚಿಡಬೇಡ. ಅಡುಗೆಮನೆ ಕಿಟಕಿಯಲ್ಲಿ ಲೋಟಗಳ ಪಕ್ಕವೇ ಇಡು. ಬೆಳಗ್ಗೆ ನಾನೇ ತೊಳೆದುಕೊಡುತ್ತೇನೆ, ತಣ್ಣೀರಲ್ಲಿ.

ನಿನ್ನ
ದೊಡ್ಡಮ್ಮ